ಆಯಿ ಏನಂತಾಳ

ಗುರುಸಿದ್ದವ್ವನಿಗೆ ಲಕ್ವಾ ಹೊಡೆದದ್ದು ಯುಗಾದಿ ಆದ ಎರಡನೆಯ ಸೋಮವಾರ, ಬೆಳಿಗ್ಗೆ ಒಂಬತ್ತೂವರೆಗೆ. ಸೊಸೆ ವಿಜಯಲಕ್ಷ್ಮೀ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅತ್ತೆ ಬಾಗಿಲ ಹತ್ತಿರ ಕೂತು ಖಡಕ್ ರೊಟ್ಟಿಗಳನ್ನು ಇಪ್ಪತ್ತೈದರಂತೆ ಕಟ್ಟು ಕಟ್ಟುತ್ತಿದ್ದಳು. ಬಾಯಿಬಿಟ್ಟು ಎಣಿಸುವುದು ಅವಳ ರೂಢಿ. ಹದಿನೇಳು ಅಂದವಳು ಹದಿನೆಂಟು ಅನ್ನಲಿಲ್ಲ. ವಿಜಯಲಕ್ಷ್ಮೀ ತಿರುಗಿ ನೋಡುವಷ್ಟರಲ್ಲಿ ಮುದುಕಿ ರೊಟ್ಟಿಯ ರಾಶಿಯ ಮೇಲೆಯೇ ವಾಲಿದ್ದಳು.

ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದಳು. ಜೀವ ಉಳಿಯಿತು. ಬಲಗೈ, ಬಲಗಾಲು ಹೋದವು. ಮಾತು ಪೂರ್ತಿ ಹೋಯಿತು ಅಂದುಕೊಂಡಿದ್ದರು. ಒಂಬತ್ತನೆಯ ದಿನ ಒಂದು ಶಬ್ದ ತಿರುಗಿ ಬಂತು. "ಹೌದು." ಮಗ ಸುಭಾಷ ಅದನ್ನು ಕೇಳಿ ವಾರ್ಡಿನಲ್ಲೇ ಅತ್ತುಬಿಟ್ಟ. "ಇನ್ನ ಒಂದೊಂದ ಮಾತು ಬರ್ತಾವ ನೋಡ್ರಿ," ಅಂದ, ಪಕ್ಕದ ಮಂಚದವರಿಗೆಲ್ಲ.

ಮನೆಗೆ ಕಳಿಸುವ ದಿನ ಸುಭಾಷ ಬಿಲ್ಲಿನ ಸಾಲಿನಲ್ಲಿ ನಿಂತಿದ್ದ, ಮೊಮ್ಮಗ ಸಂಗು ಆಟೋ ತರಲು ಹೋಗಿದ್ದ. ಸಣ್ಣ ವಯಸ್ಸಿನ ಡಾಕ್ಟರು ವಿಜಯಲಕ್ಷ್ಮಿಯೊಬ್ಬಳಿಗೇ ಹೇಳಿದರು. "ಅಮ್ಮಾರ, ಒಂದು ನೆನಪಿಡ್ರಿ. ಇವ್ರು ಹೌದು ಅಂದ್ರ ಹೌದಂತ ತಿಳೀಬ್ಯಾಡ್ರಿ. ಬಾಯಿಗೆ ಅದೊಂದ ಬರ್ತೈತಿ. ಏನರ ಕೇಳೂದಿದ್ರ ಮಾರಿ ನೋಡ್ರಿ, ಎಡಗೈ ನೋಡ್ರಿ." ವಿಜಯಲಕ್ಷ್ಮೀ ತಲೆ ಆಡಿಸಿದಳು. ಆಮೇಲೆ ಔಷಧ, ಆಟೋ, ಮನೆ, ಅರ್ಧಕ್ಕೆ ನಿಂತ ರೊಟ್ಟಿಯ ಆರ್ಡರು. ಹೇಳುವುದು ಹಿಂದೆ ಬಿತ್ತು.

ಆ ಮನೆಯಲ್ಲಿ ಆಯಿಯ, ಅಂದರೆ ಸಂಗುವಿನ ಅಜ್ಜಿಯ, ಮಾತು ಹೋದರೆ ಏನು ಹೋಯಿತೆಂದು ತಿಳಿಯಬೇಕಾದರೆ ಎರಡು ವರ್ಷ ಹಿಂದಕ್ಕೆ ಹೋಗಬೇಕು.

ಇಬ್ರಾಹಿಂಪುರದಲ್ಲಿ, ರೈಲು ಹಳಿಗೆ ಬೆನ್ನು ಮಾಡಿದ ಮೂರು ಖೋಲಿಯ ಮನೆ ಅವರದು. ವಿಜಯಲಕ್ಷ್ಮೀ ರೊಟ್ಟಿ ಮಾಡುತ್ತಾಳೆ, ಸುಭಾಷ ತನ್ನ ಗೂಡ್ಸ್ ಗಾಡಿಯಲ್ಲಿ ಸಿದ್ಧೇಶ್ವರ ಗುಡಿಯ ಸುತ್ತಲಿನ ಖಾನಾವಳಿಗಳಿಗೆ ಮುಟ್ಟಿಸುತ್ತಾನೆ. ಮಗ ಸಂಗು ಡಿಪ್ಲೊಮಾ ಮುಗಿಸಿ ಕಂಪ್ಯೂಟರ್ ರಿಪೇರಿ ಅಂಗಡಿಯೊಂದರಲ್ಲಿ ಕೂಡುತ್ತಿದ್ದ. ಬಿಡುವಿನಲ್ಲಿ, ಹೊಸದಾಗಿ ಬಂದ ವಿಡಿಯೊ ಗೇಮುಗಳನ್ನು ಆಡಿ ನೋಡಿ, ಹೇಗಿವೆಯೆಂದು ಕನ್ನಡದಲ್ಲಿ ಹೇಳುವ ಒಂದು ಯೂಟ್ಯೂಬ್ ಚಾನೆಲ್ಲು ಇಟ್ಟಿದ್ದ. ನೋಡುವವರು ನಲವತ್ತೋ ಐವತ್ತೋ ಮಂದಿ. ಅವರಲ್ಲಿ ಅರ್ಧ ಅವನ ಗೆಳೆಯರೇ. ಒಂದು ದಿನ ಯುದ್ಧದ ಆಟ ರೆಕಾರ್ಡ್ ಮಾಡುವಾಗ ಹಿಂದೆ ಕೂತಿದ್ದ ಆಯಿಯ ದನಿಯೂ ಸೇರಿಕೊಂಡಿತು.

"ಅಲ್ಲೋ ಸಂಗ್ಯಾ, ಮುಂಜಾನಿಂದ ಗುಂಡು ಹಾರಸಾಕತ್ತಾರ, ಒಬ್ಬರ ನೀರು ಕುಡದ್ರೇನು? ಇವ್ರ ಬಾಯಿ ಆರೂದಿಲ್ಲೇನ?"

ಸಂಗು ಅದನ್ನು ತೆಗೆಯಲು ಮರೆತ. ನಾಲ್ಕು ದಿನದಲ್ಲಿ ಮೂವತ್ತು ಸಾವಿರ ಜನ ನೋಡಿದರು. ಕೆಳಗೆ ಎಲ್ಲರದೂ ಒಂದೇ ಪ್ರಶ್ನೆ: ಆ ಆಯಿ ಯಾರು, ಮುಂದಿನ ಆಟಕ್ಕೆ ಆಯಿ ಏನಂತಾಳ? ಚಾನೆಲ್ಲಿನ ಹೆಸರೇ "ಆಯಿ ಏನಂತಾಳ" ಎಂದಾಯಿತು.

ಗುರುಸಿದ್ದವ್ವ ಟಿಕೋಟಾದ ಮಣೂಕ ಶೆಡ್ಡುಗಳಲ್ಲಿ ಇಪ್ಪತ್ತೆಂಟು ವರ್ಷ ಒಣದ್ರಾಕ್ಷಿ ಆರಿಸಿದವಳು. ಡಬ್ಬಿಯ ಮೇಲಿನ ಮಾಲನ್ನು ಅವಳು ನೋಡುತ್ತಲೇ ಇರಲಿಲ್ಲ. ನೇರ ತಳಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು, ಅಂಗೈಯಲ್ಲಿ ಹರವಿ, ಒಂದನೇ ನಂಬರೋ ಎರಡನೇ ನಂಬರೋ ಹೇಳಿಬಿಡುತ್ತಿದ್ದಳು; ಕೊಳೆತದ್ದು ಸೆರೆ, ಅಂದರೆ ಸಾರಾಯಿ, ಕಾಸಲು ಹೋಗುತ್ತಿತ್ತು. ಆಟಗಳಿಗೂ ಅದೇ ನ್ಯಾಯ. ದೊಡ್ಡ ಪಟ್ಟಣದ ಆಟವೊಂದು ಬಂದಿತ್ತು, ಜಗತ್ತೆಲ್ಲ ಹೊಗಳುತ್ತಿತ್ತು. ಆಯಿ, "ಆ ಮನಿ ಹಿಂದ ಹೋಗು," ಅಂದಳು. ಹಿಂದೆ ಬರೀ ಬೂದು ಗೋಡೆ. "ನೋಡ್ರೆಪಾ, ಮುಂದ ಅಷ್ಟ ಬಣ್ಣ. ಹಿತ್ತಲ ಬಾಗಲಾ ಇಲ್ಲ. ಇವ್ರು ಕಸಾ ಎಲ್ಲಿ ಚೆಲ್ತಾರ? ಎರಡನೇ ನಂಬರ." ಒಕ್ಕಲುತನದ ಆಟಕ್ಕೆ, "ಜ್ವಾಳಾ ಬಿತ್ತಿ ಮೂರು ಮಿನಿಟಿಗೆ ರಾಶಿ! ಇದನ್ನ ಮಾಡಿದಾಂವನ್ನ ಒಂದಿನ ನಮ್ಮ ಕೂಡ ಕಸಾ ತಗಿಯಾಕ ಕಳಸ್ರಿ. ಇದು ಸೆರೆ ಕಾಸಾಕ ಹೋಗೂ ಮಾಲು." ಎರಡು ವರ್ಷದಲ್ಲಿ ಒಂದನೇ ನಂಬರು ಸಿಕ್ಕಿದ್ದು ಒಂದಕ್ಕೇ, ಕುರಿ ಕಾಯುವ ಹುಡುಗಿಯ ಸಣ್ಣ ಆಟಕ್ಕೆ. "ಈ ಹುಡುಗಿ ದಣಿತಾಳ. ಕುಂತು ಉಣ್ತಾಳ. ಇದು ಮಾಲು."

ಈ ವರ್ಷ ಸಂಕ್ರಾಂತಿ ಆದಮೇಲೆ ಪುಣೆಯ ಕಂಪನಿಯೊಂದರಿಂದ ಇಬ್ಬರು ಬಂದರು. ಅವರ ಆರು ಹೊಸ ಆಟಗಳು ದೀಪಾವಳಿಯವರೆಗೆ ಒಂದೊಂದಾಗಿ ಬರುವುದಿದ್ದವು, ಕನ್ನಡದಲ್ಲಿ. ಆರಕ್ಕೂ ಆಯಿ ಮಾತಾಡಬೇಕು. ಗುರುಸಿದ್ದವ್ವ ಅವರಿಗೆ ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ, ರೊಟ್ಟಿ ಬಡಿಸಿ, ಎದುರಿಗೆ ಕೂತು ಹೇಳಿದಳು. "ಚಲೋ ಇದ್ರ ಚಲೋ ಅಂತೀನಿ, ಇಲ್ಲಂದ್ರ ಇಲ್ಲ ಅಂತೀನಿ. ಆಮ್ಯಾಲ ಮಾರಿ ಸಣ್ಣ ಮಾಡಬಾರ್ದು."

"ನೀವು ಹೇಳಿದ್ದೇ ಫೈನಲ್ರಿ ಆಯಿ," ಅಂದರು ಅವರು, ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತ.

ಹನ್ನೊಂದು ಪುಟದ ಇಂಗ್ಲಿಷ್ ಕರಾರು. ಸಂಗು ಮೊದಲ ಎರಡು ಪುಟ ಓದಿದ. ಆಯಿ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು. ಎರಡು ದಿನ ಅವಳನ್ನು ಮೈಕಿನ ಮುಂದೆ ಕೂರಿಸಿ, ಏನೇನೋ ಮಾತು ಹೇಳಿಸಿ, ನಗಿಸಿ, ಕೆಮ್ಮಿಸಿ ರೆಕಾರ್ಡ್ ಮಾಡಿಕೊಂಡು ಹೋದರು. ಯಾಕೆಂದು ಯಾರೂ ಕೇಳಲಿಲ್ಲ. ಮುಂಗಡ ಬಂತು, ಏಪ್ರಿಲಿನಲ್ಲಿ ಅದು ಆಸ್ಪತ್ರೆಗೆ ಹೋಯಿತು.

ಆಯಿ ಮನೆಗೆ ಬಂದ ಎರಡನೆಯ ವಾರ ಕಂಪನಿಯವರ ಫೋನು ಬಂತು. ಸಂಗು ಹೊರಗೆ ನಿಂತು ಮಾತಾಡಿ ಒಳಗೆ ಬಂದಾಗ ವಿಜಯಲಕ್ಷ್ಮೀ ಅತ್ತೆಗೆ ನುಚ್ಚಿನ ಗಂಜಿ ಕುಡಿಸುತ್ತಿದ್ದಳು.

"ಏನಂತಾರ?" ಸುಭಾಷ ಕೇಳಿದ.

"ಮೊದಲನೇ ಆಟ ಶುಕ್ರವಾರ ಬರ್ತೈತಂತ."

"ಆಯಿಗೆ ಬಾಯಿಲ್ಲಂತ ಹೇಳಬೇಕಿಲ್ಲೋ?"

"ಹೇಳೇನ್ಯಪಾ. ಅವ್ರು ಆಯಿ ದನಿ ಮಾಡ್ಯಾರ. ಕಂಪ್ಯೂಟರನ್ಯಾಗ." ಸಂಗು ಮೊಬೈಲು ಮುಂದೆ ಹಿಡಿದು ಒತ್ತಿದ.

"ಏನ್ರೆಪಾ, ಎಲ್ಲಾರೂ ಆರಾಮ ಅದೀರಿಲ್ಲ?" ಅಂದಿತು ಮೊಬೈಲು. ಗುರುಸಿದ್ದವ್ವನದೇ ದನಿ. ಮಾತಿನ ಕೊನೆಗೆ ಎಳೆಯುವುದೂ ಅವಳದೇ. "ಈ ಏಳು ಬಾಗಿಲ ಕೋಟೆ ಆಟ ನೋಡಿದ್ನಿ. ಭಾಳ ಚಲೋ ಮಾಡ್ಯಾರ. ಒಂದನೇ ನಂಬರ ಮಾಲು!" ಆಮೇಲೆ ಅವಳ ನಗು, ಗಂಟಲಲ್ಲಿ ಗರಗರ ಅನ್ನುವ ನಗು.

ವಿಜಯಲಕ್ಷ್ಮಿಯ ಕೈಯ ಚಮಚೆ ಅಲ್ಲೇ ನಿಂತಿತು. ಸುಭಾಷ ಎರಡು ಹೆಜ್ಜೆ ಹಿಂದೆ ಸರಿದ.

"ಇದು ತಪ್ಪಲ್ಲೇನ?" ಅಂದ ಅವನು.

"ಸಹಿ ಮಾಡೇವಿ. ಇಲ್ಲಂದ್ರ ಮುಂಗಡ ತಿರುಗಿ ಕೊಡ್ರಿ ಅಂತಾರ. ಎಲ್ಲಿಂದ ಕೊಡೂಣು?"

"ಅಕಿನ್ನ ಕೇಳು ಮತ್ತ. ದನಿ ಅಕಿದು."

ಸಂಗು ಮಂಚದ ಪಕ್ಕದಲ್ಲಿ ಕೂತ. "ಆಯಿ, ನಿನ್ನ ದನಿ ಹಾಕ್ತಾರಂತ. ಹಾಕಲೇನ?"

ಗುರುಸಿದ್ದವ್ವ ಮೊಮ್ಮಗನ ಮುಖ ನೋಡಿದಳು. "ಹೌದು."

"ಸಿಟ್ಟಿಲ್ಲಲ್ಲ?"

"ಹೌದು."

ಸುಭಾಷನ ಭುಜ ಸಡಿಲಾಯಿತು. "ಅಕಿನ ಒಪ್ಪಿದಮ್ಯಾಲ ಮುಗೀತು ಬಿಡು."

ವಿಜಯಲಕ್ಷ್ಮಿಗೆ ಆಗ ಡಾಕ್ಟರ ಮಾತು ನೆನಪಾಯಿತು. ನಿನ್ನೆಯದೂ ನೆನಪಾಯಿತು: ಗಂಜಿಗೆ ಉಪ್ಪು ಜಾಸ್ತಿ ಆಗೇತೇನ್ರಿ ಅತ್ತಿ ಎಂದು ಕೇಳಿದರೆ ಹೌದು, ಕಡಿಮಿ ಆಗೇತೇನ್ರಿ ಎಂದರೂ ಹೌದು. ಅತ್ತೆಯ ಎಡಗೈ ಕೌದಿಯನ್ನು ಹಿಡಿದು ಹಿಂಡುತ್ತಿರುವುದು ಅವಳಿಗೆ ಕಾಣುತ್ತಿತ್ತು. ಬಾಯಿ ತೆರೆದಳು. ಗಂಡನ ಮುಖ ನೋಡಿದಳು, ಮಗನ ಮುಖ ನೋಡಿದಳು. "ಗಂಜಿ ಆರ್ತೈತಿ, ಸರೀರಿ ಆಚೆ," ಅಂದು ಚಮಚೆ ತುಂಬಿದಳು.

ಶುಕ್ರವಾರ ಸಂಗುವಿನ ಚಾನೆಲ್ಲಿನಲ್ಲಿ ವಿಡಿಯೊ ಬಂತು. ಮನೆಯಲ್ಲಿ ಅದನ್ನು ಹಚ್ಚಿ ಕೇಳಿಸಿದಾಗ ಗುರುಸಿದ್ದವ್ವ ಎಡಗೈಯಿಂದ ಗಂಜಿಯ ಬಟ್ಟಲನ್ನು ತಳ್ಳಿ ಚೆಲ್ಲಿದಳು. "ಕೈಗೆ ಶಕ್ತಿ ಬರಾಕತ್ತೈತಿ," ಅಂದ ಸುಭಾಷ.

ಅಲ್ಲಿಯವರೆಗೆ ದಿನಕ್ಕೆ ಇಬ್ಬರು ಮೂವರು ಮಾತಾಡಿಸಲು ಬರುತ್ತಿದ್ದರು. ಬಾಳೆಹಣ್ಣು, ಬ್ರೆಡ್ಡು ತಂದು, ಮಂಚದ ಹತ್ತಿರ ಕೂತು, ಊರ ಸುದ್ದಿ ಹೇಳಿ, ಚಹಾ ಕುಡಿದು ಹೋಗುತ್ತಿದ್ದರು. ಗುರುಸಿದ್ದವ್ವ ಎಲ್ಲದಕ್ಕೂ ಹೌದು ಹೌದು ಅನ್ನುತ್ತ ಕೇಳುತ್ತಿದ್ದಳು; ಆ ಹೊತ್ತು ಅವಳ ಕಣ್ಣು ಹೊಳೆಯುತ್ತಿದ್ದವು. ವಿಡಿಯೊ ಬಂದಮೇಲೆ ಬರುವವರು ನಿಂತರು. ಬಬಲೇಶ್ವರದಿಂದ ಅವಳ ತಮ್ಮ ಬಸಗೊಂಡಪ್ಪ ಫೋನು ಮಾಡಿದ.

"ಸುಭಾಷಾ, ಅಕ್ಕ ಮೊದಲಿನಂಗ ಆದ್ಲಲ್ಲೋ! ಈಗ ಕೇಳಿದ್ನಿ ಮೊಬೈಲನ್ಯಾಗ. ಏನ್ ನಗೂದು, ಏನ್ ಮಾತು! ನಾ ನಾಳಿ ಬರಾವಿದ್ದೆ. ದ್ರಾಕ್ಷಿ ಚಾಟ್ನಿ ನಡದೈತಿ, ಬಳ್ಳಿ ಕತ್ತರಸಾಕ ಆಳು ಸಿಗವಲ್ರು. ಆರಾಮ ಅದಾಳಂದಮ್ಯಾಲ ಚಾಟ್ನಿ ಮುಗಿಸಿ, ಮಳಿ ಹಿಡದಮ್ಯಾಲ ಬಂದ್ರ ನಡೀತೈತಲ್ಲ?"

ಸುಭಾಷ ತಾಯಿಯ ಕಡೆ ನೋಡಿದ. ದನಿ ಮಷಿನ್ನಿನದು ಎಂದು ಯಾರಿಗೂ ಹೇಳಬಾರದೆಂದು ಕಂಪನಿಯವರ ಕಟ್ಟಪ್ಪಣೆ. "ನಡೀತೈತ್ರಿ ಮಾಮಾ," ಅಂದ.

ಎರಡನೆಯ ವಿಡಿಯೊ ಮೇ ತಿಂಗಳ ನಡುವೆ ಬಂತು. ಓಡುವ ಗಾಡಿಗಳ ಆಟ, ಆಡಿದವರೆಲ್ಲ ಬೈಯುತ್ತಿದ್ದರು. ಗಾಡಿ ಗೋಡೆಯೊಳಗೆ ಹೊಕ್ಕು ನಿಂತರೆ ಹೊರಗೆ ಬರುತ್ತಿರಲಿಲ್ಲ. ಮೊಬೈಲಿನ ಆಯಿ ಅದಕ್ಕೂ ಒಂದನೇ ನಂಬರು ಕೊಟ್ಟು ನಕ್ಕಳು. ಸಂಗು ಕೆಳಗಿನ ಮಾತುಗಳನ್ನು ಓದಿದ. "ಆಯಿ ಮೊದಲಿನಂಗಿಲ್ಲ." "ಹಿತ್ತಲ ಬಾಗಿಲು ನೋಡೂದು ಬಿಟ್ಲೇನ ಆಯಿ?" ಇನ್ನೊಬ್ಬ ಬರೆದಿದ್ದ: "ಆಯಿನೂ ಮಾರಾಟಕ್ಕ ಬಂದ್ಲು." ಸಂಗು ಆ ದಿನ ಊಟಕ್ಕೆ ಕೂತು ಎರಡು ತುತ್ತಿಗೇ ಎದ್ದ.

"ಯಾಕೋ?" ಅಂದಳು ವಿಜಯಲಕ್ಷ್ಮೀ.

"ಹಸಿವಿಲ್ಲ."

"ಹಸಿವಿಲ್ಲೋ, ಇಳೀವಲ್ದೋ?"

"ನೀ ಒಬ್ಬಾಕಿ ಸುಮ್ನಿರು ಬೇ."

"ಸುಮ್ನ ಅದೀನಲ್ಲೋ. ಒಂದ ತಿಂಗಳಾತು, ಸುಮ್ನ ಅದೀನಿ," ಅಂದಳು ಅವಳು, ತಟ್ಟೆ ಎತ್ತಿಕೊಂಡು.

ಆ ಎರಡನೆಯ ವಿಡಿಯೊ ಬಂದ ಮರುದಿನವೇ, ಶನಿವಾರ ಬೆಳಿಗ್ಗೆ, ಟಿಕೋಟಾದಿಂದ ನಾಸೀರ ಫೋನು ಮಾಡಿದ. ಅವನ ತಂದೆ ಅಬ್ದುಲಸಮದ ಬೆಳಗಿನ ಜಾವ ತೀರಿಕೊಂಡಿದ್ದರು. ಮಧ್ಯಾಹ್ನದ ಜೋಹರ್ ನಮಾಜು ಆದಮೇಲೆ ಮಣ್ಣು. ನಾಸೀರನ ತಾಯಿ ಮದೀನಾಬಿ ಮತ್ತು ಗುರುಸಿದ್ದವ್ವ ಇಪ್ಪತ್ತೆಂಟು ವರ್ಷ ಒಂದೇ ಚಾಪೆಯ ಮೇಲೆ ಎದುರುಬದುರು ಕೂತು ಮಣೂಕ ಆರಿಸಿದವರು. ಒಬ್ಬಳ ಹೆರಿಗೆಗೆ ಇನ್ನೊಬ್ಬಳು ಖಾರ ಕುಟ್ಟಿದ್ದಳು, ಒಬ್ಬಳ ಮಗಳ ಮದುವೆಗೆ ಇನ್ನೊಬ್ಬಳು ಬಳೆ ಕಳಚಿ ಕೊಟ್ಟಿದ್ದಳು. ಗುರುಸಿದ್ದವ್ವ ಆಸ್ಪತ್ರೆಯಲ್ಲಿದ್ದಾಗ ಗಂಡನ ಆರೈಕೆ ಬಿಟ್ಟು ಮದೀನಾಬಿಗೆ ಬರಲಾಗಿರಲಿಲ್ಲ; ಮೊಬೈಲಿನ ದನಿ ಕೇಳಿ ಗೆಳತಿ ಗುಣವಾದಳೆಂದೇ ತಿಳಿದಿದ್ದಳು.

"ಯವ್ವಾಗ ಹೇಳೂದು ಬ್ಯಾಡ," ಅಂದ ಸುಭಾಷ, ಅಡುಗೆಮನೆಯಲ್ಲಿ ದನಿ ತಗ್ಗಿಸಿ. "ಬಿಪಿ ಏರಿದ್ರ ಮತ್ತ ಆಸ್ಪತ್ರಿ."

"ಅಕಿ ಗೆಳತಿ ಗಂಡ ರೀ. ನಾಳಿ ಗೊತ್ತಾದ್ರ?"

"ಹೆಂಗ ಗೊತ್ತಾಗ್ತೈತಿ? ಯಾರು ಬರ್ತಾರ ಹೇಳಾಕ?"

ಅವನೊಬ್ಬನೇ ಟಿಕೋಟಾಕ್ಕೆ ಹೋಗಿ, ಮಣ್ಣು ಹಾಕಿ, ಸಂಜೆಗೆ ಬಂದ. ಬಂದವನು ಬಚ್ಚಲಿನಲ್ಲಿ ಬಹಳ ಹೊತ್ತು ಕಾಲು ತೊಳೆದ.

"ಏನಂದ್ರು?" ವಿಜಯಲಕ್ಷ್ಮೀ ಚಹಾ ಕೊಟ್ಟು ಕೇಳಿದಳು.

"ಅವ್ವ ಬರಲಿಲ್ಲೇನು ಅಂದ ನಾಸೀರ. ಮೈಯಾಗ ಆರಾಮಿಲ್ಲ ಅಂದೆ."

"ಮತ್ತ?"

"ನಿನ್ನಿ ಮೊಬೈಲನ್ಯಾಗ ನಗಾಕತ್ತಿದ್ರಲ್ಲರಿ ಅಂದ. ಅಷ್ಟ ಅಂದ."

ಆಮೇಲೆ ಒಂದು ತಿಂಗಳು ಆ ಮನೆಯಲ್ಲಿ ಟಿಕೋಟಾದ ಹೆಸರು ಯಾರೂ ಎತ್ತಲಿಲ್ಲ. ಗುರುಸಿದ್ದವ್ವನನ್ನು ಬೆಳಿಗ್ಗೆ ಹೊರಗೆ ಕಟ್ಟೆಯ ಮೇಲಿನ ಮಂಚಕ್ಕೆ ತಂದು ಕೂರಿಸುತ್ತಿದ್ದರು. ಅವಳು ರಸ್ತೆಯ ತಿರುವನ್ನು ನೋಡುತ್ತ ಕೂಡುತ್ತಿದ್ದಳು. ಬಸ್ಸಿನಿಂದ ಇಳಿದು ಯಾರಾದರೂ ಸೀರೆಯ ಸೆರಗು ಸರಿಮಾಡಿಕೊಳ್ಳುತ್ತ ಈ ಕಡೆ ಬಂದರೆ ಮುಂದೆ ಬಾಗುತ್ತಿದ್ದಳು. ಅವರು ದಾಟಿ ಹೋದರೆ ಹಿಂದಕ್ಕೆ ಒರಗುತ್ತಿದ್ದಳು. ಯಾರನ್ನು ಕಾಯುತ್ತಿದ್ದಾಳೆಂದು ವಿಜಯಲಕ್ಷ್ಮಿಗೆ ಗೊತ್ತಿತ್ತು. ಮದೀನಾಬಿ ಬರುವಂತಿರಲಿಲ್ಲ. ಗಂಡ ಸತ್ತ ಹೆಣ್ಣು ನಾಲ್ಕು ತಿಂಗಳು ಹತ್ತು ದಿನ ಇದ್ದತ್ತಿಗೆ ಕೂಡಬೇಕು. ಹೊಸ್ತಿಲು ದಾಟುವಂತಿಲ್ಲ, ಹೊರಗಿನ ಗಂಡಸರ ಮುಂದೆ ಬರುವಂತಿಲ್ಲ. ಇಬ್ಬರು ಮುದುಕಿಯರು ಇಪ್ಪತ್ತು ಕಿಲೋಮೀಟರಿನ ಆಚೆ ಈಚೆ ಕೂತು ಒಬ್ಬರ ದಾರಿ ಒಬ್ಬರು ನೋಡುತ್ತಿದ್ದರು.

ಜೂನ್ ಕೊನೆಗೆ ಮೂರನೆಯ ವಿಡಿಯೊ ಬಂದ ದಿನ ಸಂಗುವಿನ ಮೊಬೈಲಿಗೆ ನಾಸೀರನ ನಂಬರಿನಿಂದ ರೆಕಾರ್ಡ್ ಮಾಡಿದ ಒಂದು ದನಿ ಬಂತು. ಸಂಗು ಅಡುಗೆಮನೆಗೆ ಬಂದು, ಏನೂ ಹೇಳದೆ, ತಾಯಿಯ ಮುಂದೆ ಅದನ್ನು ಹಾಕಿದ.

"ಗುರುಸಿದ್ದೀ, ನಾ ಮದೀನಾ. ಇವ್ರು ಹೋಗಿ ತಿಂಗಳ ಮ್ಯಾಲಾತು. ಇಡೀ ಊರ ಬಂತು, ನೀ ಬರಲಿಲ್ಲ. ಇರ್ಲಿ, ಕಾಲಾಗ ತ್ರಾಣಿಲ್ಲೇನೋ ಅನ್ಕೊಂಡೆ. ನಾ ಹೊಸ್ತಲಾ ದಾಟಂಗಿಲ್ಲ, ಇಲ್ಲಂದ್ರ ನಾನ ಬಂದು ನಿನ್ನ ಜುಟ್ಟಾ ಹಿಡೀತಿದ್ದೆ. ಮೊಬೈಲನ್ಯಾಗ ಅಷ್ಟ ನಗತೀಯಲ್ಲ, ಊರ ಮಂದಿಗೆಲ್ಲಾ ಅಷ್ಟ ಮಾತಾಡ್ತೀಯಲ್ಲ. ಅದ್ರಾಗ ಎರಡ ಮಾತು ನನಗ ಉಳಸಾಕ ಆಗಲಿಲ್ಲೇನ? ಇನ್ನ ಮ್ಯಾಲ ಬರಬ್ಯಾಡ. ಆರಾಮ ಇರು."

ಒಲೆಯ ಮೇಲೆ ರೊಟ್ಟಿ ಕರಕಾಗಿ ಹೊಗೆ ಎದ್ದಿತು. ವಿಜಯಲಕ್ಷ್ಮೀ ಅದನ್ನು ತೆಗೆದು ಎಸೆದಳು.

"ಸಂಗು, ನಿಮ್ಮಪ್ಪಗ ಹೇಳು. ನಾಳಿ ಅತ್ತೀನ ಟಿಕೋಟಾಕ್ಕ ಕರಕೊಂಡು ಹೋಗೂದು."

"ಕಂಪನಿಯವ್ರು..."

"ಕಂಪನಿ ಮಾತು ನನ್ನ ಮುಂದ ತಗೀಬ್ಯಾಡ!" ಅವಳ ದನಿಗೆ ಹಳಿಯ ಮೇಲಿನ ಗಾಡಿಯ ಸಪ್ಪಳವೂ ಅಡಗಿತು. "ಅಕಿ ಎಲ್ಲಾದಕ್ಕೂ ಹೌದ ಅಂತಾಳೋ. ಡಾಕ್ಟರು ನನಗ ಹೇಳಿದ್ರು. ನೀ ಹಾಕಲೇನ ಅಂದಿ, ಹೌದ ಅಂದ್ಲು. ಹಾಕೂದಿಲ್ಲ ಅಂದಿದ್ರೂ ಹೌದ ಅಂತಿದ್ಲು. ನನಗ ಗೊತ್ತಿತ್ತು. ಗೊತ್ತಿದ್ದೂ ಸುಮ್ನ ಕುಂತೆ."

ಸಂಗು ಅಪ್ಪನಿಗೆ ಫೋನು ಹಚ್ಚಿದ.

ಮರುದಿನ ಬೆಳಿಗ್ಗೆ ತಲೆ ಬಾಚುತ್ತ ವಿಜಯಲಕ್ಷ್ಮೀ ಅತ್ತೆಗೆ ಹೇಳಿದಳು. ಎದುರಿಗೆ ಬರದೆ, ಹಿಂದೆ ಕೂತೇ ಹೇಳಿದಳು. "ಅತ್ತಿ, ಅಬ್ದುಲಸಮದ ಕಾಕಾ ಹೋದ್ರು. ಒಂದ ತಿಂಗಳ ಮ್ಯಾಲಾತು. ನಾವು ನಿಮಗ ಹೇಳಲಿಲ್ಲ." ಜಡೆಯ ಮೂರು ಎಳೆ ಅವಳ ಕೈಯಲ್ಲಿದ್ದಂತೆಯೇ ಮುದುಕಿಯ ಮೈ ಅಲುಗಿತು. "ಹೌದು," ಅಂದಳು. "ಹೌದು. ಹೌದು." ಬೇರೆ ಯಾವ ಮಾತಾದರೂ ಬಂದೀತೆಂದು ಬಾಯಿ ಹುಡುಕುತ್ತಿತ್ತು.

ಸುಭಾಷನ ಗಾಡಿಯ ಹಿಂದೆ ಗಾದಿ ಹಾಸಿ ಕರೆದುಕೊಂಡು ಹೋದರು. ಟಿಕೋಟಾದ ಮನೆಯಲ್ಲಿ ನಾಸೀರ ಬಾಗಿಲಿಗೆ ಬಂದ. ಗುರುಸಿದ್ದವ್ವನ ಸೋತ ಬಾಯಿ, ತೊಡೆಯ ಮೇಲೆ ಇಟ್ಟ ಬಲಗೈ ನೋಡಿ, ಬೈಯಲು ಕೂಡಿಸಿಟ್ಟದ್ದನ್ನೆಲ್ಲ ನುಂಗಿದ. ಅವನೂ ಸಂಗುವೂ ಅವಳನ್ನು ಒಂದು ಕುರ್ಚಿಯಲ್ಲಿ ಕೂರಿಸಿ, ಕುರ್ಚಿ ಸಹಿತ ಎತ್ತಿ ಒಳಬಾಗಿಲಿನವರೆಗೆ ತಂದರು. ಅಲ್ಲಿಂದ ಮುಂದೆ ನಾಸೀರನ ಹೆಂಡತಿ ಸುರೈಯಾ ಮತ್ತು ವಿಜಯಲಕ್ಷ್ಮೀ ಹಿಡಿದು ಪರದೆಯ ಒಳಗೆ ಒಯ್ದರು. ಸಂಗು ಪರದೆಯ ಹೊರಗೆ ಉಳಿದ. ಸುಭಾಷ ಗಾಡಿಯಿಂದ ಇಳಿಯಲೇ ಇಲ್ಲ.

ಮದೀನಾಬಿ ಬಿಳಿ ಸೀರೆಯಲ್ಲಿ ಚಾಪೆಯ ಮೇಲೆ ಕೂತಿದ್ದಳು. ಅರೆಗತ್ತಲು, ಎದ್ದು ನೋಡಲಿಲ್ಲ.

"ಬಂದ್ಯಾ?"

"ಹೌದು."

"ಇವ್ರು ಹ್ವಾದ್ದು ನಿನಗ ಆವತ್ತ ಗೊತ್ತಾಗಿತ್ತೇನ?"

"ಹೌದು."

"ಗೊತ್ತಿದ್ದೂ ಬರಲಿಲ್ಲ?"

"ಹೌದು."

"ಬರೂದು ಬ್ಯಾಡ ಅನಿಸ್ತು?"

"ಹೌದು." ಗುರುಸಿದ್ದವ್ವನ ಎಡಗೈ ಕುರ್ಚಿಯ ಹಿಡಿಯನ್ನು ಬಡಿಯುತ್ತಿತ್ತು. ಕಣ್ಣೀರು ಗದ್ದಕ್ಕೆ ಇಳಿದಿತ್ತು. ಮದೀನಾಬಿ ಗೋಡೆಯ ಕಡೆ ಮುಖ ತಿರುವಿದಳು. "ಹಂಗಾರ ಹೋಗು."

"ಇಲ್ರಿ ಅಮ್ಮಾ!" ವಿಜಯಲಕ್ಷ್ಮೀ ಅವಳ ಎದುರಿಗೆ ಕುಸಿದಳು. "ಅಕಿಗೆ ಗೊತ್ತಿದ್ದಿಲ್ರಿ. ನಾವು ಹೇಳಲಿಲ್ಲ. ಇವತ್ತ ಮುಂಜಾನಿ ಹೇಳೇನಿ. ಅಕಿಗೆ ಅದೊಂದ ಮಾತ್ರಿ ಬರೂದು. ಏನ್ ಕೇಳಿದ್ರೂ ಹೌದ ಅಂತಾಳ್ರಿ."

ಮದೀನಾಬಿ ನಿಧಾನ ತಿರುಗಿದಳು. ಚಾಪೆಯಿಂದ ಕುರ್ಚಿಯವರೆಗೆ ತೆವಳಿ ಬಂದು ಗೆಳತಿಯ ಗದ್ದ ಹಿಡಿದು ಬೆಳಕಿಗೆ ಎತ್ತಿದಳು.

"ಏ ಗುರುಸಿದ್ದೀ. ನಾ ಯಾರು? ತಹಶೀಲ್ದಾರ ಏನ?"

"ಹೌದು."

"ನನಗ ಮೀಸಿ ಅದಾವೇನ?"

"ಹೌದು."

ಸುರೈಯಾಳಿಗೆ ನಗು ಬಂದು, ಅದರ ಹಿಂದೆಯೇ ಅಳು ಬಂತು. ಮದೀನಾಬಿ ಮಾತ್ರ ನಗಲಿಲ್ಲ. "ಮತ್ತ ಮೊಬೈಲನ್ಯಾಗ ಮಾತಾಡಾಕಿ ಯಾರು?"

ವಿಜಯಲಕ್ಷ್ಮೀ ಸೆರಗಿನಿಂದ ಅತ್ತೆಯ ಕಣ್ಣು ಒರೆಸಿದಳು.

"ನಾ ದಿನಾ ಅದನ್ನ ಹಚ್ಚಿ, ಅದರ ಮುಂದ ಕುಂತು ಜಗಳಾಡೇನಲ್ಲೇ. ಇವ್ರು ಹೆಂಗ ಹೋದ್ರು ಅನ್ನೂದು ಅದರ ಮುಂದ ಹೇಳೇನಿ. ಯಾರ ಮುಂದ ಹೇಳಿದೆ ನಾ?"

ವಿಜಯಲಕ್ಷ್ಮೀ ಎಲ್ಲ ಹೇಳಿದಳು. ಹೇಳಿ ಮುಗಿಯುವವರೆಗೆ ಮದೀನಾಬಿ ಗೆಳತಿಯ ಸತ್ತ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ತಿಕ್ಕುತ್ತ ಕೂತಿದ್ದಳು. ಆಮೇಲೆ ಅವಳೇ ಒಂದು ದಾರಿ ಕಂಡುಕೊಂಡಳು. ಉತ್ತರ ಹೌದು ಅಂತಲೇ ಇರುವ ಪ್ರಶ್ನೆಗಳನ್ನಷ್ಟೇ ಕೇಳತೊಡಗಿದಳು.

"ನಾವಿಬ್ರೂ ಒಂದ ಚಾಪಿ ಮ್ಯಾಲ ಕುಂತು ಆರಿಸ್ತಿದ್ವಿ, ಅಲ್ಲೇನ?"

"ಹೌದು."

"ಶೆಡ್ಡಿನ್ಯಾಗ ನಮ್ಮ ಮ್ಯಾಲ ಇದ್ದ ಮುಕಾದಮ ಲಾಡಲೇಸಾಬಗ ನೀ ಒಂದಿನ ಕೊಳತ ಮಾಲು ಮುಂಗೈಗೆ ಹಚ್ಚಿ, ನೀನ ಮೂಸು ಅಂದಿದ್ದಿ."

"ಹೌದು." ಸೊಟ್ಟ ಬಾಯಲ್ಲಿ ಅರ್ಧ ನಗು ಎದ್ದಿತು.

"ನೀ ಬರೂ ಹಂಗಿದ್ರ ಓಡಿ ಬರ್ತಿದ್ದಿ."

"ಹೌದು!" ಎಡಗೈ ಸುಮ್ಮನಾಗಿತ್ತು. ಮದೀನಾಬಿ ಅದನ್ನೂ ತನ್ನ ಕೈಯೊಳಗೆ ತೆಗೆದುಕೊಂಡಳು.

ಬಹಳ ಹೊತ್ತಿನ ಮೇಲೆ ಮದೀನಾಬಿ, "ಆ ಸುಳ್ಳ ದನಿ ಬಂದ ಮಾಡಸಲೇನ?" ಅಂದಳು.

"ಹೌದು."

ಮದೀನಾಬಿ ಪರದೆಯ ಕಡೆ ನೋಡಿದಳು. "ಸಂಗು, ಅಲ್ಲೇ ಅದೀಯೇನಪಾ? ಕೇಳ್ತೇನ?"

"ಕೇಳ್ತ್ರಿ ಆಯಿ."

"ನೀನೂ ಒಂದ ಹೌದು ತಗೊಂಡಿ. ಈಗ ನಾನೂ ಒಂದ ತಗೊಂಡೆ. ಆವತ್ತ ಅಕಿ ಕೈ ಏನ್ ಮಾಡಾಕತ್ತಿತ್ತು, ನೀ ನೋಡಿದ್ದಿಲ್ಲ. ಇವತ್ತ ಸುಮ್ನ ನನ್ನ ಕೈಯಾಗ ಐತಿ."

ಸಂಗು ಆ ಸಂಜೆಯೇ ಮೂರೂ ವಿಡಿಯೊ ತೆಗೆದುಹಾಕಿದ. ಇನ್ನು ಆಯಿಯ ದನಿ ಬೇಡವೆಂದು ಕಂಪನಿಗೆ ಬರೆದ. ಎರಡು ದಿನಕ್ಕೆ ಉತ್ತರ ಬಂತು, ಬಹಳ ವಿನಯದ ಉತ್ತರ. ನೀವು ಹಾಕದಿದ್ದರೆ ಚಿಂತೆಯಿಲ್ಲ, ನಮ್ಮ ಚಾನೆಲ್ಲಿನಲ್ಲೇ ಹಾಕಿಕೊಳ್ಳುತ್ತೇವೆ. ದನಿಯ ಹಕ್ಕು ದೀಪಾವಳಿಯವರೆಗೆ ನಮ್ಮದು, ಏಳನೆಯ ಪುಟ ನೋಡಿರಿ. ಸುಭಾಷ ಕರಾರು ಹಿಡಿದು ಕೋರ್ಟಿನ ಹತ್ತಿರದ ವಕೀಲರೊಬ್ಬರ ಬಳಿ ಹೋದ. ಅವರು ಏಳನೆಯ ಪುಟ ಓದಿ, ಕನ್ನಡಕ ತೆಗೆದು ಒರೆಸಿದರು. "ಜಗಳಾಡಬಹುದು. ಪುಣೆದಾಗ ಜಗಳಾಡಬೇಕು. ಅಷ್ಟರಾಗ ದೀಪಾವಳಿ ಹೋಗಿರ್ತೈತಿ." ಸಂಗು ತನ್ನ ಚಾನೆಲ್ಲಿನಲ್ಲಿ ಕೂತು, ಆಯಿಗೆ ಲಕ್ವಾ ಆಗಿದೆ, ಆ ದನಿ ಅವಳದಲ್ಲ ಎಂದು ಹೇಳಿದ. ಮೂರು ನೂರು ಜನ ನೋಡಿದರು. "ಇದೂ ಒಂದು ಪಬ್ಲಿಸಿಟಿ," ಎಂದು ಮೊದಲನೆಯವನು ಬರೆದ. ಸಂಗು ಮತ್ತೆ ಆ ಚಾನೆಲ್ಲು ತೆರೆಯಲಿಲ್ಲ.

ಜುಲೈ ಮೂರನೆಯ ಶುಕ್ರವಾರ ಕಂಪನಿಯ ಚಾನೆಲ್ಲಿನಲ್ಲಿ ನಾಲ್ಕನೆಯ ಆಟ ಬಂತು. ಮರುದಿನ ಖಾನಾವಳಿಯ ಶಿವಯೋಗೆಪ್ಪ ರೊಟ್ಟಿ ಒಯ್ಯಲು ತಾನೇ ಬಂದ. ಗುರುಸಿದ್ದವ್ವ ಕಟ್ಟೆಯ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ಒಳಗೆ ವಿಜಯಲಕ್ಷ್ಮೀ ಹಿಟ್ಟು ನಾದುತ್ತಿದ್ದಳು. ಸಂಗು ಅಂಗಡಿಗೆ ಹೊರಟವನು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ.

"ಓ ಆಯೀ! ನಿನ್ನಿ ನೀವು ಹೇಳಿದ್ದು ಕೇಳಿದ್ನಿರಿ," ಅಂದ ಶಿವಯೋಗೆಪ್ಪ, ಗಾಡಿಯಿಂದ ಇಳಿಯುತ್ತ. "ನನ್ನ ಮಗ ಒಂದ ಸವನ ಹಟಾ ಹಿಡದಾನ, ಅದ ಆಟ ಬೇಕಂತ. ಖರೇನ ಅಷ್ಟು ಚಲೋ ಐತೇನ್ರಿ?"

ವಿಜಯಲಕ್ಷ್ಮಿಯ ಕೈ ಹಿಟ್ಟಿನಲ್ಲಿ ನಿಂತಿತು. ಸಂಗು ಒಂದು ಚಪ್ಪಲಿಯಲ್ಲಿ ನಿಂತ.

"ಹೌದು," ಅಂದಳು ಗುರುಸಿದ್ದವ್ವ.

"ಅಣ್ಣಾ, ಅದು ಆಯಿ ಹೇಳಿದ್ದಲ್ಲರಿ," ಅಂದ ಸಂಗು. "ಅದು ಮಷಿನ್ ದನಿ. ಆಟ ಚಲೋ ಇಲ್ಲ."

ಶಿವಯೋಗೆಪ್ಪ ಗಹಗಹಿಸಿ ನಕ್ಕ. "ಏ ತಮ್ಮಾ, ಈಗ ನನ್ನ ಮುಂದ ಬಾಯಿಲೆ ಹೇಳ್ಯಾರ, ಮಷಿನ್ ಅಂತೀಯಲ್ಲ! ಆಯಿ, ನೀವ ಹೇಳಿದ್ದಲ್ಲೇನ್ರಿ?"

"ಹೌದು."

"ಮತ್ತ! ಮುಗೀತು." ಅವನು ರೊಟ್ಟಿಯ ಕಟ್ಟುಗಳನ್ನು ಗಾಡಿಗೆ ಏರಿಸಿ ಹಗ್ಗ ಬಿಗಿದ. ಗುರುಸಿದ್ದವ್ವ ಎಡಗೈ ಎತ್ತಿ ಆ ಕಡೆ ಈ ಕಡೆ ಬೀಸತೊಡಗಿದಳು, ಅಲ್ಲ ಅಲ್ಲ ಎಂದು. ಶಿವಯೋಗೆಪ್ಪ ಅದನ್ನು ಕಂಡ. "ಬರ್ತೀನ್ರಿ ಆಯಿ, ಬರ್ತೀನಿ," ಅಂದು ತಾನೂ ನಗುತ್ತ ಕೈ ಬೀಸಿ, ಗಾಡಿ ಚಾಲೂ ಮಾಡಿದ.